ಎಳೆ ಬಿಡುವ ಹೊತ್ತು

ಕಳೆದ ವರ್ಷ ನಾಗರಪಂಚಮಿಗೆಂದು ಹುಬ್ಬಳ್ಳಿಯ ಮಗಳ ಮನೆಗೆ ಹೋಗಿದ್ದಾಗ, ಹೊರಗೆ ಶ್ರಾವಣದ ಜಿಟಿಜಿಟಿ ಮಳೆ ಬಿಡದೆ ಹಿಡಿದಿದ್ದ ಒಂದು ಮಧ್ಯಾಹ್ನ, 14 ವರ್ಷದ ನನ್ನ ಮೊಮ್ಮಗನು ತನ್ನ ಪ್ಲೇಸ್ಟೇಷನ್ನಿನ ಕಂಟ್ರೋಲರನ್ನು ನನ್ನ ಕೈಗೆ ಕೊಟ್ಟು, ಟಿವಿಯ ಪರದೆಯಲ್ಲಿ ನ್ಯೂಯಾರ್ಕ್ ನಗರದ ಗಗನಚುಂಬಿ ಸೌಧವೊಂದರ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದ ಕೆಂಪು ಉಡುಪಿನ ಸ್ಪೈಡರ್‌ಮ್ಯಾನನನ್ನು ತೋರಿಸಿ, “ಅಜ್ಜಾ, ಜಿಗೀರಿ” ಎಂದನು. ಜಿಗಿದೆನು. ನೂರಾರು ಅಡಿ ಕೆಳಗಿದ್ದ ಬೀದಿಯೂ ಅದರಲ್ಲಿ ಹರಿಯುತ್ತಿದ್ದ ಹಳದಿ ಟ್ಯಾಕ್ಸಿಗಳ ಸಾಲೂ ಮುಖಕ್ಕೆ ರಾಚುವಂತೆ ಮೇಲೇರಿ ಬರತೊಡಗಿದಾಗ ಗಾಬರಿಯಿಂದ ಬಲಗೈಯ ತೋರುಬೆರಳಿನ ಗುಂಡಿಯನ್ನು ಒತ್ತಿದೆನು. ಮಣಿಕಟ್ಟಿನಿಂದ ಬಿಳಿಯ ಎಳೆಯೊಂದು ಚಿಮ್ಮಿ ಎದುರಿನ ಕಟ್ಟಡಕ್ಕೆ ಅಂಟಿತು, ಬೀಳುತ್ತಿದ್ದ ದೇಹವು ಬಾಗಿ ತೂಗಿ ಬೀದಿಯ ನಡುವೆ ಮುಂದಕ್ಕೆ ಸಾಗಿತು. ಒತ್ತಿದ ಬೆರಳನ್ನು ನಾನು ಸಡಿಲಿಸಲೇ ಇಲ್ಲ. ಹಾಗೆ ಒತ್ತಿಯೇ ಹಿಡಿದರೂ ಅವನು ಹೇಗೋ ಸಾಗುತ್ತಾನೆ. ಆದರೆ ಆ ಸಾಗುವಿಕೆಗೆ ಎತ್ತರವೂ ಇಲ್ಲ, ವೇಗವೂ ಇಲ್ಲ. ಹುಡುಗನು ಸ್ವಲ್ಪ ಹೊತ್ತು ಸಹಿಸಿ ನೋಡಿ, “ಹಂಗ ಗಟ್ಟಿ ಹಿಡಕೊಂಡ್ರ ಮ್ಯಾಲ ಹೋಗಂಗಿಲ್ಲ ಅಜ್ಜಾ. ಕೆಳಗ ಬಂದು ಮತ್ತ ಏರಾಕತ್ತಿದ ಕೂಡ್ಲೆ ಬಿಡ್ರಿ. ಬಿಟ್ರನ ಹಾರ್ತಾನ” ಎಂದನು.

ಈ ಮಾತನ್ನು ನಾನು ಮೊದಲ ಸಲ ಕೇಳುತ್ತಿರಲಿಲ್ಲ. ಗದಗಿನ ಸಮೀಪದ ನಮ್ಮ ಊರಿನಲ್ಲಿ ಪಂಚಮಿ ಬಂದಿತೆಂದರೆ ಹಿತ್ತಲಿನ ಬೇವಿನ ಮರದ ಗಟ್ಟಿ ಕೊಂಬೆಗೆ ಬಾವಿಯ ಮಿಣಿಯನ್ನು ಕಟ್ಟಿ ಜೋಕಾಲಿ ಹಾಕುತ್ತಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳು ಹೊಸ ಸೀರೆಯುಟ್ಟು, ಮಡಿಲಲ್ಲಿ ಉಂಡಿ ಅರಳು ಕಟ್ಟಿಕೊಂಡು ಜೀಕುವ ಸರದಿ ಮುಗಿದ ಮೇಲೆ, ಇಳಿಹೊತ್ತಿನಲ್ಲಿ, ಜೋಕಾಲಿ ಹುಡುಗರ ಪಾಲಿಗೆ ಬರುತ್ತಿತ್ತು. ಆಗಿನ ನಮ್ಮ ಪಂಥವೆಂದರೆ ಜೀಕಿ ಜೀಕಿ ಎತ್ತರಕ್ಕೇರಿ, ಹಗ್ಗವನ್ನು ಬಿಟ್ಟು, ಮರದಾಚೆಗಿನ ಉಸುಕಿನ ಗುಡ್ಡೆಯ ಮೇಲೆ ಯಾರು ಅತಿ ದೂರ ಹೋಗಿ ಬೀಳುವರೆಂಬುದು. ಹಗ್ಗ ಬಿಡುವುದಕ್ಕೆ ಅಂಜಿ ಅಳುಮೋರೆಯಿಂದ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದ ನನಗೆ ಅಣ್ಣನು ಕೆಳಗಿನಿಂದ ಕೂಗಿ ಹೇಳುತ್ತಿದ್ದುದೂ ಇದನ್ನೇ: ತಳಕ್ಕೆ ಬಂದಾಗ ಬಿಡಬೇಡ, ತುದಿಗೆ ಹೋದ ಮೇಲೂ ಬಿಡಬೇಡ, ಏರುವಾಗ ಬಿಡು. ಆರು ದಶಕಗಳ ಅಂತರವಿರುವ ಎರಡು ಆಟಗಳ ಮರ್ಮವು ಒಂದೇ ವಾಕ್ಯದಲ್ಲಿ ಅಡಕವಾಗಿರುವುದನ್ನು ಕಂಡು ವಿಸ್ಮಿತನಾಗಿ, ಅಂದಿನಿಂದ ಮೂರು ವಾರಗಳ ಕಾಲ, ಮೊಮ್ಮಗನ ಶಾಲೆಯ ವೇಳೆಯನ್ನೂ ಅಭ್ಯಾಸದ ವೇಳೆಯನ್ನೂ ಬಿಟ್ಟು ಉಳಿದ ಹೊತ್ತಿನಲ್ಲಿ, ನಾನು ಆ ಆಟವನ್ನು ಆದ್ಯಂತವಾಗಿ ಆಡಿದೆನು. ಮತ್ತು ಅದನ್ನು ಕುರಿತು ಬರೆಯುವುದು ಯೋಗ್ಯವೆಂದು ನನಗೆ ತೋರಿತು.

ಆಟದ ಹೆಸರು ‘ಮಾರ್ವೆಲ್ಸ್ ಸ್ಪೈಡರ್‌ಮ್ಯಾನ್ 2’. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಬರ್ಬ್ಯಾಂಕಿನಲ್ಲಿರುವ ಇನ್ಸಾಮ್ನಿಯಾಕ್ ಗೇಮ್ಸ್ ಸಂಸ್ಥೆಯು ರಚಿಸಿದ ಇದು 2023ರ ಅಕ್ಟೋಬರ್ 20ರಂದು ಪ್ಲೇಸ್ಟೇಷನ್ 5 ಯಂತ್ರಕ್ಕೂ, 2025ರ ಜನವರಿಯಲ್ಲಿ ಸಾಮಾನ್ಯ ಕಂಪ್ಯೂಟರುಗಳಿಗೂ ಬಂದಿತು. 2018ರ ಮೊದಲ ಭಾಗದಲ್ಲಿ ಪೀಟರ್ ಪಾರ್ಕರನೂ, 2020ರಲ್ಲಿ ಬಂದ ಸಣ್ಣ ಭಾಗದಲ್ಲಿ ಅವನ ಶಿಷ್ಯಸ್ಥಾನೀಯನಾದ ಮೈಲ್ಸ್ ಮೊರಾಲೆಸನೂ ಸ್ಪೈಡರ್‌ಮ್ಯಾನನ ವೇಷದಲ್ಲಿ ನಾಯಕರಾಗಿದ್ದರು. ಈ ಉತ್ತರಭಾಗದಲ್ಲಿ ಇಬ್ಬರೂ ಇದ್ದಾರೆ, ಬೀದಿಯಲ್ಲಿ ಸಂಚರಿಸುವಾಗ ಬೇಕೆಂದಾಗ ಒಬ್ಬನಿಂದ ಇನ್ನೊಬ್ಬನಾಗಬಹುದು. ಬಿಡುಗಡೆಯಾದ ಮೊದಲ 24 ಗಂಟೆಗಳಲ್ಲಿಯೇ 25 ಲಕ್ಷ ಪ್ರತಿಗಳು ಮಾರಾಟವಾದವು.

ಜನಪ್ರಿಯ ಕೃತಿಯೊಂದರ ಎರಡನೆಯ ಭಾಗವನ್ನು ರಚಿಸಹೊರಟವನು ಮೊದಲನೆಯದರಲ್ಲಿ ಯಾವುದನ್ನು ಹಿಡಿದುಕೊಳ್ಳಬೇಕು, ಯಾವುದನ್ನು ಬಿಡಬೇಕೆಂಬ ಸಂಕಟಕ್ಕೆ ಒಳಗಾಗುವುದು ಸಹಜವಷ್ಟೆ. ಈ ಆಟದಲ್ಲಿ ಆ ಹಿಡಿಯುವ ಬಿಡುವ ಪ್ರಶ್ನೆಯು ರಚನಕಾರರ ಮೇಜಿನ ಮೇಲೆಯೇ ಉಳಿಯದೆ ಆಡುವವನ ಬೆರಳತುದಿಗೂ, ಕಥಾಪಾತ್ರಗಳ ಅಂತಃಕರಣಕ್ಕೂ ಇಳಿದು ಬಂದಿದೆಯೆಂಬುದು ನನ್ನ ಅಭಿಪ್ರಾಯ. ಬೆರಳತುದಿಯ ಸಂಗತಿಯನ್ನು ಮೊದಲು ಹೇಳುತ್ತೇನೆ. ಏಕೆಂದರೆ ಅದಕ್ಕೆ ಕಥೆಗಿಂತ ದೀರ್ಘವಾದ ಇತಿಹಾಸವಿದೆ.

ಸ್ಪೈಡರ್‌ಮ್ಯಾನನು ನೂಲಿನ ಮೇಲೆ ತೂಗುವುದನ್ನು ಕಂಪ್ಯೂಟರ್ ಆಟದಲ್ಲಿ ತೋರಿಸುವುದು ಮೇಲುನೋಟಕ್ಕೆ ಕಾಣುವಷ್ಟು ಸುಲಭವಲ್ಲ. 2000ನೆಯ ಇಸವಿಯಲ್ಲಿ ನೆವರ್‌ಸಾಫ್ಟ್ ಸಂಸ್ಥೆಯವರು ಮಾಡಿದ ಆಟದಲ್ಲಿ ಬೀದಿಯೇ ಇರಲಿಲ್ಲ. ಕಟ್ಟಡಗಳ ನಡುವೆ ಮಂಜು ಮುಸುಕಿತ್ತು, ನಾಯಕನ ನೂಲು ಆಕಾಶದಲ್ಲಿ ಎಲ್ಲಿಯೋ ಅಂಟುತ್ತಿತ್ತು. ಅವನು ಹಾರುತ್ತಿದ್ದನೆಂದು ಹೇಳಬಹುದೇ ಹೊರತು ತೂಗುತ್ತಿದ್ದನೆಂದು ಹೇಳಲಾಗದು. 2004ರಲ್ಲಿ, ಸ್ಯಾಮ್ ರೈಮಿಯ ಚಲಚ್ಚಿತ್ರದ ಜತೆಜತೆಯಲ್ಲಿ ಬಂದ ‘ಸ್ಪೈಡರ್‌ಮ್ಯಾನ್ 2’ ಎಂಬ ಆಟದಲ್ಲಿ ಟ್ರೆಯಾರ್ಕ್ ಸಂಸ್ಥೆಯ ಜೇಮಿ ಫ್ರಿಸ್ಟ್ರಮ್ ಎಂಬಾತನು ಈ ಕ್ರಮವನ್ನು ತಲೆಕೆಳಗು ಮಾಡಿದನು. ನೂಲು ನಿಜವಾದ ಗೋಡೆಗೆ ತಗುಲಬೇಕು, ತಗುಲಿದ ಬಿಂದುವಿನಿಂದ ದೇಹವು ಲೋಲಕದಂತೆ ತೂಗಬೇಕು, ಹತ್ತಿರ ಕಟ್ಟಡವಿಲ್ಲದಿದ್ದರೆ ನೂಲು ಎಲ್ಲಿಯೂ ಅಂಟಬಾರದು. ಈ ಒಂದು ನಿಯಮದಿಂದ ಆಟದ ನಗರಕ್ಕೆ ಅರ್ಥ ಬಂದಿತು. ಕಟ್ಟಡದ ಎತ್ತರ, ಬೀದಿಯ ಅಗಲ, ಮೂಲೆಯ ತಿರುವು ಎಲ್ಲವೂ ಆಡುವವನಿಗೆ ಲೆಕ್ಕಕ್ಕೆ ಬರತೊಡಗಿದವು. ಆ ಆಟದ ಕಥೆಯನ್ನು ಮರೆತವರೂ, ಪಿಜ್ಜಾ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ವೇಳೆ ಮೀರುವ ಮೊದಲು ಮನೆಮನೆಗೆ ಮುಟ್ಟಿಸಲು ಮ್ಯಾನ್‌ಹಟನ್ನಿನ ಬೀದಿಗಳಲ್ಲಿ ತೂಗಿದುದನ್ನು ಇಪ್ಪತ್ತು ವರ್ಷಗಳ ಮೇಲೆಯೂ ನೆನೆಯುವುದುಂಟು.

ತೂಗುವಿಕೆಯ ಲೆಕ್ಕವು ಶಾಲೆಯ ಭೌತಶಾಸ್ತ್ರವೇ ಆಗಿದೆ. 40 ಮೀಟರ್ ಉದ್ದದ ಎಳೆಯನ್ನು ಅಡ್ಡಲಾಗಿ ಬಿಗಿಹಿಡಿದು ಒಬ್ಬನು ಕೆಳಕ್ಕೆ ಧುಮುಕಿದನೆನ್ನಿ. ಗಾಳಿಯ ತಡೆಯನ್ನು ಗಣಿಸದಿದ್ದರೆ ಚಾಪದ ತಳಕ್ಕೆ ಬರುವ ಹೊತ್ತಿಗೆ ಅವನ ವೇಗವು ಸೆಕೆಂಡಿಗೆ 28 ಮೀಟರ್, ಎಂದರೆ ಗಂಟೆಗೆ ಸುಮಾರು 100 ಕಿಲೋಮೀಟರ್ ಆಗಿರುತ್ತದೆ. ಆ ತಳದ ಬಿಂದುವಿನಲ್ಲಿ ಎಳೆಯ ಮೇಲೆ ಬೀಳುವ ಸೆಳೆತವು ಅವನ ದೇಹಭಾರದ ಮೂರರಷ್ಟು. ಅಲ್ಲಿಯೇ ಎಳೆಯನ್ನು ಬಿಟ್ಟರೆ ಇರುವ ವೇಗವೆಲ್ಲ ಮುಂದಕ್ಕೇ ಹೋಗಿ, ಎತ್ತರವೆಂಬುದೇ ಸಿಗದೆ ಅವನು ಬೀದಿಯ ಕಡೆಗೆ ಇಳಿಯುತ್ತಾನೆ. ಚಾಪದ ಮೇಲುತುದಿಯವರೆಗೆ ಕಾದು ಬಿಟ್ಟರೆ ಎತ್ತರವಿದ್ದೂ ವೇಗವಿಲ್ಲದೆ ಕಲ್ಲಿನಂತೆ ಬೀಳುತ್ತಾನೆ. ಇವೆರಡರ ನಡುವೆ, ದೇಹವು ಮೇಲಕ್ಕೂ ಮುಂದಕ್ಕೂ ಏಕಕಾಲದಲ್ಲಿ ಹೋಗುತ್ತಿರುವ ಒಂದು ಕ್ಷಣವಿದೆ. ಅಣ್ಣನು ಅಂದು ಕೂಗಿ ಹೇಳಿದುದು ಆ ಕ್ಷಣವನ್ನು.

ಆದರೆ ಶುದ್ಧವಾದ ಲೋಲಕಕ್ಕೆ ಒಂದು ಮಿತಿಯುಂಟು: ಹೊರಟ ಎತ್ತರಕ್ಕಿಂತ ಮೇಲಕ್ಕೆ ಅದು ತಾನಾಗಿ ಎಂದೂ ಏರಲಾರದು. ಜೋಕಾಲಿಯವರು ಈ ಮಿತಿಯನ್ನು ಜೀಕಿ ಗೆಲ್ಲುತ್ತಾರೆ. ಎರಡೂ ತುದಿಗಳಲ್ಲಿ ಮೊಣಕಾಲು ಮಡಿಸಿ ಕುಗ್ಗಿ, ತಳಕ್ಕೆ ಬಂದಾಗ ಸೆಟೆದು ನಿಲ್ಲುವ ಆ ಕ್ರಿಯೆಯಲ್ಲಿ ದೇಹದ ಗುರುತ್ವಕೇಂದ್ರವು ಮೇಲೇರಿ, ಸ್ನಾಯುಗಳು ಮಾಡಿದ ಕೆಲಸವು ತೂಗಿಗೆ ಸೇರುತ್ತದೆ; ಒಂದೊಂದು ಜೀಕಿಗೂ ಒಂದೊಂದು ಗೇಣು ಎತ್ತರ ಹೆಚ್ಚುತ್ತದೆ. ಇನ್ಸಾಮ್ನಿಯಾಕಿನವರು ಅದೇ ಕೆಲಸವನ್ನು ಒಂದು ಗುಂಡಿಗೆ ವಹಿಸಿದ್ದಾರೆ. ಎಳೆ ಬಿಡುವ ಸರಿಯಾದ ಹೊತ್ತಿಗೆ ಅದನ್ನು ಒತ್ತಿದರೆ ನಾಯಕನು ಎಳೆಯನ್ನೇ ಮೆಟ್ಟಿಲಾಗಿ ಮಾಡಿಕೊಂಡಂತೆ ಮೇಲಕ್ಕೆ ಚಿಮ್ಮುತ್ತಾನೆ. ಕಂಟ್ರೋಲರಿನ ಬಲಗುಂಡಿಯಾದರೂ ಸುಮ್ಮನೆ ಒಳಕ್ಕೆ ಹೋಗುವ ಗುಂಡಿಯಲ್ಲ. ಎಳೆಯು ಬಿಗಿಯಾದಾಗ ಅದೂ ಬೆರಳಿಗೆ ಎದುರೊತ್ತುತ್ತದೆ, ಅಂಗೈಯಲ್ಲಿ ಸಣ್ಣದೊಂದು ನಡುಕ ಹಾಯುತ್ತದೆ. ಬಾವಿಯ ಮಿಣಿ ಅಂಗೈಯನ್ನು ಸವೆಸಿದ ನೆನಪುಳ್ಳ ನನಗೆ ಈ ಸಣ್ಣ ಎದುರೊತ್ತು ಎಷ್ಟೋ ದೃಶ್ಯವೈಭವಕ್ಕಿಂತ ಹೆಚ್ಚು ನಿಜವಾಗಿ ತೋರಿತು.

ಈ ಭಾಗದಲ್ಲಿ ಒಂದು ಹೊಸ ಸೌಕರ್ಯವಿದೆ. ತೂಗುವಾಗ ಆಟವು ಆಡುವವನಿಗೆ ಮರೆಯಲ್ಲಿ ಸಲ್ಲಿಸುವ ಸಹಾಯವನ್ನು ಹತ್ತರಿಂದ ಸೊನ್ನೆಯವರೆಗೆ ಇಳಿಸಬಹುದು; ಎತ್ತರದಿಂದ ಬಿದ್ದರೆ ಪೆಟ್ಟಾಗುವಂತೆಯೂ ಮಾಡಿಕೊಳ್ಳಬಹುದು. ಹತ್ತರಲ್ಲಿದ್ದಾಗ ದಾರಿ ತಪ್ಪಿದ ತೂಗನ್ನು ಯಾವುದೋ ಅದೃಶ್ಯ ಹಸ್ತವು ಬೀದಿಯ ನಡುವಿಗೆ ತಿರುಗಿಸಿ ಕೊಡುತ್ತದೆ. ಸೊನ್ನೆಗೆ ಇಳಿಸಿದೊಡನೆ ಆ ಹಸ್ತವು ಇಲ್ಲವಾಗಿ, ಯಾವ ಗೋಡೆಗೆ ಯಾವ ಕೋನದಲ್ಲಿ ಎಳೆ ತಗುಲಿತೋ ಅದರ ಫಲವನ್ನು ಆಡುವವನೇ ಅನುಭವಿಸಬೇಕಾಗುತ್ತದೆ. 2004ರ ಆಟವನ್ನು ಮರೆಯದ ಅಭಿಮಾನಿಗಳು ಇದನ್ನು ಬಹುವಾಗಿ ಮೆಚ್ಚಿಕೊಂಡರು.

ವೇಗದ ವಿಷಯಕ್ಕೆ ಬಂದರೆ, ಮೊದಲ ಭಾಗದಲ್ಲಿ ನಾಯಕನ ವೇಗವನ್ನು ತಡೆದದ್ದು ರಚನಕಾರರ ಕಲ್ಪನೆಯಲ್ಲ, ಯಂತ್ರದೊಳಗಿನ ಒಂದು ತಟ್ಟೆ. ಪ್ಲೇಸ್ಟೇಷನ್ 4ರಲ್ಲಿ ಆಟದ ಸಾಮಗ್ರಿಯೆಲ್ಲ ತಿರುಗುವ ಹಾರ್ಡ್ ಡಿಸ್ಕಿನ ಮೇಲಿರುತ್ತಿತ್ತು. ಗ್ರಾಮಫೋನಿನ ಮುಳ್ಳು ಬೇಕಾದ ಹಾಡಿನ ಗೆರೆಯನ್ನು ಹುಡುಕಿ ಹೋಗುವಂತೆ, ಆ ಡಿಸ್ಕಿನ ಮೇಲೆಯೂ ಓದುವ ಕೈಯೊಂದು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಬೇಕು. ಆ ಸರಿದಾಟಕ್ಕೆ ಬೇಕಾಗುವ ಅಲ್ಪಕಾಲವು, ನಾಯಕನು ಕ್ಷಣಕ್ಕೊಂದು ಹೊಸ ಓಣಿಯನ್ನು ಪ್ರವೇಶಿಸುವಾಗ ದೊಡ್ಡ ಕಾಲವಾಗುತ್ತದೆ. ಆದುದರಿಂದ ಅವರು ಒಂದೊಂದು ಓಣಿಗೆ ಬೇಕಾದ ವಸ್ತುಗಳನ್ನೆಲ್ಲ ಒಂದೊಂದು ಗಂಟಾಗಿ ಕಟ್ಟಿ ಡಿಸ್ಕಿನ ಮೇಲೆ ಒತ್ತಟ್ಟಿಗೆ ಇರಿಸಬೇಕಾಯಿತು. ಬೀದಿಬದಿಯ ಅಂಚೆಪೆಟ್ಟಿಗೆಯು ಎಷ್ಟು ಓಣಿಗಳಲ್ಲಿ ಇದೆಯೋ ಅಷ್ಟು ಗಂಟುಗಳಲ್ಲಿಯೂ ಅದರ ನಕಲು ಇರಬೇಕಾಯಿತು. ಹೀಗೆ ಕೆಲವು ವಸ್ತುಗಳು 400 ಸಲ ನಕಲಾಗಿದ್ದುವೆಂದು, ಎರಡೂ ಯಂತ್ರಗಳ ಮುಖ್ಯ ವಿನ್ಯಾಸಕನಾದ ಮಾರ್ಕ್ ಸರ್ನಿಯು 2020ರ ಮಾರ್ಚಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಹೇಳಿದನು. ಮದುವೆ ಮನೆಯಲ್ಲಿ ಬಡಿಸುವವನು ಪ್ರತಿ ಪಂಕ್ತಿಗೂ ಉಗ್ರಾಣಕ್ಕೆ ಓಡಲಾರದೆ ಉಪ್ಪಿನಕಾಯಿಯ ಪಾತ್ರೆಯನ್ನು ಎಲ್ಲ ಪಂಕ್ತಿಗಳ ತಲೆಯಲ್ಲಿಯೂ ಒಂದೊಂದು ಇಟ್ಟುಕೊಂಡಂತೆ ಇದು. ಹೊಸ ಯಂತ್ರದಲ್ಲಿ ತಿರುಗುವ ತಟ್ಟೆಯೇ ಇಲ್ಲ. ಹಿಂದೆ ಸೆಕೆಂಡಿಗೆ 50ರಿಂದ 100 ಮೆಗಾಬೈಟ್ ಬರುತ್ತಿದ್ದಲ್ಲಿ ಈಗ 5.5 ಗಿಗಾಬೈಟ್ ಬರುತ್ತದೆ, ನಕಲುಗಳ ಅಗತ್ಯ ತಪ್ಪಿತು. ಆಡುವವನಿಗೆ ಇದಾವುದೂ ಕಾಣುವುದಿಲ್ಲ. ಅವನಿಗೆ ಕಾಣುವುದು ಹಿಂದಿಗಿಂತ ಬಹು ಬಿರುಸಾಗಿ ಓಡಿ ಹಿಂದೆ ಸರಿಯುವ ಬೀದಿ, ಮತ್ತು ಅದರ ಕೊನೆಯಲ್ಲಿ ತೆರೆದುಕೊಳ್ಳುವ ಹೊಳೆ.

ಹೊಳೆಯೆಂದರೆ ಈಸ್ಟ್ ರಿವರ್. ಮೊದಲ ಭಾಗದ ಆಟವೆಲ್ಲ ಮ್ಯಾನ್‌ಹಟನ್ ದ್ವೀಪಕ್ಕೇ ಸೀಮಿತವಾಗಿತ್ತು. ಆಚೆಯ ದಡವು ದೂರದ ಚಿತ್ರವಾಗಿ ಮಾತ್ರ ಕಾಣುತ್ತಿತ್ತು. ಈಗ ಆ ದಡದ ಕ್ವೀನ್ಸ್ ಮತ್ತು ಬ್ರೂಕ್ಲಿನ್ ಪ್ರದೇಶಗಳೂ ಸೇರಿ ಆಟದ ನಗರವು ಸರಿಸುಮಾರು ಇಮ್ಮಡಿಯಾಗಿದೆ. ಹೊಳೆಯ ಮೇಲೆ ಎಳೆ ಅಂಟಿಸಲು ಕಟ್ಟಡವಿಲ್ಲವಷ್ಟೆ. ಅದಕ್ಕಾಗಿ ತೋಳಿಗೂ ಪಕ್ಕೆಗೂ ನಡುವೆ ಬಿಚ್ಚಿಕೊಳ್ಳುವ ರೆಕ್ಕೆಗಳನ್ನು ಕೊಟ್ಟಿದ್ದಾರೆ, ಬಾವಲಿಯ ಹಾಗೆ ಅವನ್ನು ಹರಡಿ, ನೀರಿನ ಮೇಲೆ ಬೀಸುವ ಗಾಳಿಯ ಸುಳಿಗಳಲ್ಲಿ ಸೇರಿಕೊಂಡು ತೇಲಬಹುದು. ಇದು ಹೊಸ ಕಲ್ಪನೆಯೆಂದು ಯಾರಾದರೂ ತಿಳಿದಾರು. ಆದರೆ 1962ರ ಆಗಸ್ಟ್ ತಿಂಗಳ ‘ಅಮೇಜಿಂಗ್ ಫ್ಯಾಂಟಸಿ’ ಪತ್ರಿಕೆಯ 15ನೆಯ ಸಂಚಿಕೆಯಲ್ಲಿ ಸ್ಟ್ಯಾನ್ ಲೀ ಬರೆದ ಕಥೆಗೆ ಸ್ಟೀವ್ ಡಿಟ್ಕೊ ಈ ನಾಯಕನನ್ನು ಮೊಟ್ಟಮೊದಲು ಚಿತ್ರಿಸಿದಾಗಲೇ ಅವನ ಕಂಕುಳಿನ ಕೆಳಗೆ ಜೇಡರಬಲೆಯ ಪೊರೆಯೊಂದು ಇತ್ತು. ಅದು ಅಂದು ಅಲಂಕಾರ. 61 ವರ್ಷಗಳ ಮೇಲೆ ಈ ಆಟದಲ್ಲಿ ಅದಕ್ಕೆ ಕೆಲಸ ಬಂದಿತು. ಹಳೆಯದನ್ನು ಹೀಗೆ ನೆನೆಯುವ ರೀತಿ ನನಗೆ ಬಹಳ ಹಿಡಿಸಿತು. 2018ರ ಭಾಗದಲ್ಲಿ ಆಗಸಕ್ಕೆ ಮುಖವೆತ್ತಿ ನಿಂತಿದ್ದ ಕ್ರೈಸ್ಲರ್ ಸೌಧವು ಈ ನಗರದಲ್ಲಿ ಇಲ್ಲವೆಂಬುದೊಂದು ಕೊರತೆ. ನ್ಯೂಯಾರ್ಕಿನ ಚಿತ್ರವನ್ನು ಬಲ್ಲವರಿಗೆ ಆ ಬೆಳ್ಳಿಯ ಶಿಖರವು ಇರಬೇಕಾದಲ್ಲಿ ಇರದಿರುವುದು ಹಲ್ಲು ಬಿದ್ದ ಬಾಯಿಯಂತೆ ತೋರುತ್ತದೆ.

ಕಥೆಯು ಆರಂಭವಾಗುವಾಗ ಪೀಟರನು ಬ್ರೂಕ್ಲಿನ್ನಿನ ಒಂದು ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯನಾಗಿ ಸೇರಿರುತ್ತಾನೆ. ತರಗತಿ ನಡೆಯುತ್ತಿರುವಾಗಲೇ ಮರಳಿನ ದೈತ್ಯನಾದ ಸ್ಯಾಂಡ್‌ಮ್ಯಾನನು ನಗರದ ಮೇಲೆ ಎರಗಿದನೆಂದು ತಿಳಿದು ಪಾಠವನ್ನು ಬಿಟ್ಟೋಡಿ, ನಗರವನ್ನು ಉಳಿಸಿ, ಕೆಲಸವನ್ನು ಕಳೆದುಕೊಳ್ಳುತ್ತಾನೆ. ತೀರಿಹೋದ ಮೇ ದೊಡ್ಡಮ್ಮನ ಕ್ವೀನ್ಸಿನ ಮನೆಯ ಸಾಲದ ಕಂತು ಅವನ ತಲೆಯ ಮೇಲಿದೆ. ಮೈಲ್ಸನಿಗೆ ಕಾಲೇಜಿಗೆ ಪ್ರವೇಶ ಪಡೆಯಲು ತನ್ನನ್ನು ಕುರಿತು ಒಂದು ಪ್ರಬಂಧ ಬರೆಯಬೇಕಾಗಿದೆ, ಅದು ಸಾಗದು. ಲೋಕವನ್ನು ಕಾಯುವವರಿಗೂ ಸಾಲದ ಕಂತು, ಅರ್ಜಿಯ ಗಡುವು ತಪ್ಪಿದುದಲ್ಲವೆಂಬುದು ಲೀ ಮತ್ತು ಡಿಟ್ಕೊ ಈ ಪಾತ್ರಕ್ಕೆ ಮೊದಲ ದಿನವೇ ಕೊಟ್ಟ ಸ್ವಭಾವ. ಇಂಥ ಹೊತ್ತಿನಲ್ಲಿ ಪೀಟರನ ಬಾಲ್ಯಸ್ನೇಹಿತನಾದ ಹ್ಯಾರಿ ಆಸ್ಬಾರ್ನನು ಅಸಾಧ್ಯ ಕಾಯಿಲೆಯಿಂದ ಎದ್ದವನಂತೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಪೀಟರನ ಪ್ರೇಯಸಿಯಾದ ಮೇರಿ ಜೇನಳನ್ನೂ ಕೂಡಿಕೊಂಡು ಈ ಮೂವರು ಕೋನಿ ಐಲೆಂಡಿನ ಜಾತ್ರೆಯಂಥ ವಿಹಾರಸ್ಥಳಕ್ಕೆ ಹೋಗಿ ಕಳೆಯುವ ಸಂಜೆಯೊಂದಿದೆ. ದೊಡ್ಡ ಕಾಳಗಗಳ ನಡುವೆ ಈ ಸಂಜೆಗೆ ರಚನಕಾರರು ಕೊಟ್ಟಿರುವ ವ್ಯವಧಾನವು ಎಷ್ಟು ಉಚಿತವಾದುದೆಂಬುದು ಮುಂದೆ ಹ್ಯಾರಿಯ ಗತಿಯನ್ನು ಕಂಡಾಗ ಮಾತ್ರ ತಿಳಿಯುತ್ತದೆ.

ಹ್ಯಾರಿಯನ್ನು ಬದುಕಿಸಿದ್ದು ಔಷಧವಲ್ಲ, ದೇಹಕ್ಕೆ ಅಂಟಿಕೊಂಡು ಅದರಲ್ಲಿಯೇ ಬಾಳುವ ಒಂದು ಕಪ್ಪು ಜೀವದ್ರವ್ಯ. ಚಿತ್ರಕಥೆಗಳಲ್ಲಿ ಸ್ಪೈಡರ್‌ಮ್ಯಾನನ ಕರಿಯ ಉಡುಪು 1984ರಲ್ಲಿಯೂ, ಅದರಿಂದ ಹುಟ್ಟಿದ ವೆನಮ್ ಎಂಬ ವೈರಿಯು 1988ರಲ್ಲಿಯೂ ಬಂದುದರಿಂದ ಬಲ್ಲವರಿಗೆ ಇದು ಹೊಸತಲ್ಲ; ಆದರೆ ಓದುವುದಕ್ಕೂ ಆಡುವುದಕ್ಕೂ ಇರುವ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ. ಸಾವಿನಂಚಿನಿಂದ ಪೀಟರನನ್ನು ಉಳಿಸುವುದಕ್ಕಾಗಿ ಆ ದ್ರವ್ಯವು ಹ್ಯಾರಿಯನ್ನು ಬಿಟ್ಟು ಪೀಟರನನ್ನು ಸೇರಿಕೊಳ್ಳುತ್ತದೆ. ಆ ಕ್ಷಣದಿಂದ ಆಡುವವನ ಬೆರಳಿಗೂ ಬಲ ಬರುತ್ತದೆ. ಹಿಂದೆ ಹತ್ತು ಏಟು ಬೇಕಾಗಿದ್ದಲ್ಲಿ ಎರಡು ಸಾಕು. ಸುತ್ತುವರಿದ ಇಪ್ಪತ್ತು ಮಂದಿಯನ್ನು ಕಪ್ಪು ಬಳ್ಳಿಗಳು ಒಮ್ಮೆಗೇ ಎತ್ತಿ ನೆಲಕ್ಕೆ ಅಪ್ಪಳಿಸುತ್ತವೆ. ಪೀಟರನ ಕಂಠವನ್ನು ನುಡಿಸಿರುವ ಯೂರಿ ಲೊವೆಂಥಾಲನು ಸೌಮ್ಯವಾಗಿದ್ದ ಆ ದನಿಗೆ ಒಂದೊಂದೇ ಪದರವಾಗಿ ಒರಟುತನವನ್ನು ಬೆರೆಸುತ್ತಾ ಹೋಗುತ್ತಾನೆ. ಸ್ನೇಹಿತರೊಡನೆ ಅವನಾಡುವ ಮಾತು ಕೇಳಲಾಗದಷ್ಟು ಕಠೋರವಾಗುತ್ತದೆ. ಕಪ್ಪುಡುಪನ್ನು ತೊರೆಯೆಂದು ಎಲ್ಲರೂ ಅವನಿಗೆ ಹೇಳುವಾಗ, ಅದರ ಬಲದ ರುಚಿಯನ್ನು ಕಂಡ ನನ್ನ ಬೆರಳುಗಳು ಅದನ್ನು ತೊರೆಯಲು ಒಪ್ಪುತ್ತಿರಲಿಲ್ಲವೆಂಬುದನ್ನು ನಾನು ಕಂಡುಕೊಂಡೆನು. ಕಾದಂಬರಿಯಲ್ಲಿ ನಾಯಕನ ಮೋಹವನ್ನು ನಾವು ದೂರದಿಂದ ನೋಡಿ ಮರುಗಬಹುದು. ಇಲ್ಲಿ ಅದು ನಮ್ಮದೇ ಆಗಿರುತ್ತದೆ. ಆಟವೆಂಬ ಮಾಧ್ಯಮವೊಂದೇ ಮಾಡಬಲ್ಲ ಕೆಲಸವಿದು, ಮತ್ತು ಈ ಕೃತಿಯು ಅದನ್ನು ಅರಿತೇ ಮಾಡಿದೆ.

ಬೇಟೆಗಾರನಾದ ಕ್ರೇವನ್ ಈ ಭಾಗದ ಮೊದಲ ಮುಖ್ಯ ವೈರಿ. 1964ರಲ್ಲಿ ಚಿತ್ರಕಥೆಗೆ ಬಂದ ಈ ಪಾತ್ರಕ್ಕೆ 1987ರಲ್ಲಿ ಜೆ. ಎಂ. ಡಿಮ್ಯಾಟೀಸ್ ಬರೆದು ಮೈಕ್ ಝೆಕ್ ಚಿತ್ರಿಸಿದ ‘ಕ್ರೇವನ್ಸ್ ಲಾಸ್ಟ್ ಹಂಟ್’ ಎಂಬ ಕಥೆಯು ಗಾಂಭೀರ್ಯವನ್ನು ತಂದಿತ್ತು. ಆಟದ ಕ್ರೇವನನು ಅರ್ಬುದರೋಗದಿಂದ ಸಾಯುತ್ತಿರುವವನು. ಹಾಸಿಗೆಯಲ್ಲಿ ಸಾಯಲು ಮನಸ್ಸಿಲ್ಲದೆ, ತನ್ನನ್ನು ಕೊಲ್ಲಬಲ್ಲ ಸಮಬಲನನ್ನು ಹುಡುಕುತ್ತ, ಸಣ್ಣದೊಂದು ಸೈನ್ಯದೊಡನೆ ಈ ನಗರವನ್ನು ಕಾಡಾಗಿ ಆರಿಸಿಕೊಳ್ಳುತ್ತಾನೆ. ಹಿಂದಿನ ಭಾಗದಲ್ಲಿ ನಾವು ಹೋರಾಡಿದ ವೈರಿಗಳೇ ಇಲ್ಲಿ ಅವನ ಬೇಟೆಗಳಾಗುವುದು ನೋಡತಕ್ಕದ್ದು. ಕೆಟ್ಟ ದಾರಿಯನ್ನು ಬಿಟ್ಟು ದುಡಿದು ಬದುಕುತ್ತಿರುವವನನ್ನೂ ಅವನು ಬಿಡುವುದಿಲ್ಲ.

ಆದರೆ ಕ್ರೇವನನ ತರುವಾಯ ಬರುವ, ಕಪ್ಪು ದ್ರವ್ಯವು ಹ್ಯಾರಿಯನ್ನು ಮತ್ತೆ ಸೇರಿ ಅವನೇ ವೆನಮ್ ಆಗುವ ಪ್ರಕರಣವು ಅವಸರದಿಂದ ಮುಗಿದುಹೋಯಿತೆಂದು ಹೇಳದೆ ಇರಲಾರೆ. 2024ರಲ್ಲಿ ದಿವಂಗತನಾದ ನಟ ಟೋನಿ ಟಾಡ್ ತನ್ನ ಗುಹೆಯಂಥ ಕಂಠವನ್ನು ಆ ಪಾತ್ರಕ್ಕೆ ಕೊಟ್ಟಿದ್ದನು. ಲೋಕವನ್ನು ಗುಣಪಡಿಸುವೆನೆಂಬ ಹ್ಯಾರಿಯ ಸದಾಶಯವೇ ಲೋಕವನ್ನೆಲ್ಲ ತನ್ನಂತೆ ಮಾಡುವೆನೆಂಬ ವಿಕಾರವಾಗಿ ತಿರುಗುವುದು ದೊಡ್ಡ ದುರಂತದ ಬೀಜ. ಅದಕ್ಕೆ ಬೆಳೆಯಲು ಬೇಕಾದ ಕಾಲವನ್ನು ಕೊಡದೆ, ನಗರವೆಲ್ಲ ಕಪ್ಪು ಬಳ್ಳಿಗಳಿಂದ ತುಂಬಿ, ಒಂದರ ಮೇಲೊಂದು ಕಾಳಗಗಳು ನುಗ್ಗಿ ಬಂದು, ಹ್ಯಾರಿಗಾಗಿ ಅಳುವುದಕ್ಕೆ ಬಿಡುವು ಸಿಗುವ ಮೊದಲೇ ಕಥೆ ಕೊನೆ ಮುಟ್ಟುತ್ತದೆ. ಇದಕ್ಕೆ ಪ್ರತಿಯಾಗಿ, ಬೇಟೆಗಾರರ ಶಿಬಿರಗಳನ್ನು ಒಂದಾದ ಮೇಲೊಂದರಂತೆ ಕೆಡವುವ ಕೆಲಸಕ್ಕೆ ಬೇಕಾದಷ್ಟು ಕಾಲವನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಎರಡನ್ನು ತೆಗೆದು ಆ ಹೊತ್ತನ್ನು ಹ್ಯಾರಿಗೆ ಕೊಟ್ಟಿದ್ದರೆ ಕೃತಿಯ ತೂಕವು ಬೇರೆಯಾಗುತ್ತಿತ್ತು.

ಮೈಲ್ಸನ ಪಾಲಿನ ಕಥೆಯು ಇದಕ್ಕಿಂತ ಮಿತವಾದುದು, ಮತ್ತು ನನ್ನ ದೃಷ್ಟಿಯಲ್ಲಿ ಉತ್ತಮವಾದುದು. ಅವನ ತಂದೆಯ ಸಾವಿಗೆ ಕಾರಣನಾದ ಮಾರ್ಟಿನ್ ಲೀ ಎಂಬಾತನು ಸೆರೆಯಿಂದ ಹೊರಬಿದ್ದಾಗ ಮೈಲ್ಸನಿಗೆ ಬೇರೇನೂ ಕಾಣದು. ಹಗೆಯನ್ನು ಹಿಡಿದುಕೊಂಡ ಕೈಯಿಂದ ಪ್ರಬಂಧದ ಒಂದು ಸಾಲೂ ಬರೆಯಲಾಗದು. ಕಥೆಯ ತಿರುವಿನಲ್ಲಿ, ಪೀಟರನ ಮನಸ್ಸಿನಲ್ಲಿ ಉಳಿದ ಕಪ್ಪು ದ್ರವ್ಯದ ಶೇಷವನ್ನು ನೀಗಲು ನೆರವಾಗಬಲ್ಲವನು ಅದೇ ಲೀ ಒಬ್ಬನೇ ಎಂದಾದಾಗ, ಈ ಹುಡುಗನು ತಂದೆಯ ಹಂತಕನ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಾನೆ. ಕ್ಷಮಿಸಿದೆನೆಂಬ ದೊಡ್ಡ ಮಾತು ಅಲ್ಲಿಲ್ಲ. ಪ್ರಬಂಧವು ಕೊನೆಗೆ ಮುಗಿಯುತ್ತದೆ.

ಮುಖ್ಯ ಕಥೆಯ ಹೊರಗೆ, ನಗರದ ಸಾಮಾನ್ಯರು ಕರೆದಾಗ ಹೋಗಿ ಮಾಡುವ ಸಣ್ಣ ಸಣ್ಣ ಕಾರ್ಯಗಳಿವೆ. ಬೇಸರ ಕಳೆಯುವುದಕ್ಕೆಂದು ನಾನು ಅವುಗಳಿಗೆ ಕೈಹಾಕಿದೆನು. ಆಟದ ಹೃದಯವು ಅಲ್ಲಿತ್ತು. ಕಿವಿ ಕೇಳದ ಚಿತ್ರಗಾರ್ತಿ ಹೇಲಿ ಎಂಬ ಹುಡುಗಿಯು ತನ್ನ ಚಿತ್ರದ ಹೆಸರು ಕೆಡಿಸಿದವರನ್ನು ಹುಡುಕಿ ಹೋಗುವ ಪ್ರಸಂಗದಲ್ಲಿ ಆಡುವವನು ಅವಳೇ ಆಗುತ್ತಾನೆ. ಆಗ ನಗರದ ಗದ್ದಲವೆಲ್ಲ ನೀರಿನೊಳಗೆ ಮುಳುಗಿದವನಿಗೆ ಕೇಳುವಂತೆ ಮಂದವಾಗಿ, ಎದುರಿನವರ ಮನಸ್ಸನ್ನು ಚಿತ್ರಸಂಕೇತಗಳಿಂದಲೂ ಮುಖಭಾವದಿಂದಲೂ ತಿಳಿಯಬೇಕಾಗುತ್ತದೆ. ಇನ್ನೊಮ್ಮೆ, ಮೊಮ್ಮಗಳೊಬ್ಬಳು ಕಾಣೆಯಾದ ತನ್ನಜ್ಜನನ್ನು ಹುಡುಕಿಕೊಡಬೇಕೆಂದು ಬೇಡುತ್ತಾಳೆ. ಉದ್ಯಾನದ ಬೆಂಚಿನ ಮೇಲೆ ಆ ವೃದ್ಧನು ಸಿಕ್ಕುತ್ತಾನೆ. ಕಟ್ಟಡಗಳನ್ನು ಹಾರುವ ವೀರನು ಮುಖವಾಡ ಧರಿಸಿಯೇ ಅವನ ಪಕ್ಕದಲ್ಲಿ ಕುಳಿತು, ಅವನು ಹೇಳುವ ಹಳೆಯ ಮಾತುಗಳನ್ನು ಕೇಳುತ್ತಾನೆ. ಗುಂಡಿ ಒತ್ತುವ ಕೆಲಸವೇ ಇಲ್ಲ. ಮೊಮ್ಮಗನು ನನ್ನ ಪಕ್ಕದಲ್ಲಿ ಕಾಲು ಮೇಲೆ ಇಟ್ಟುಕೊಂಡು ಕುಳಿತಿದ್ದವನು ಅಷ್ಟು ಹೊತ್ತೂ ಏನೂ ಮಾತನಾಡಲಿಲ್ಲ.

ಹಾವರ್ಡನೆಂಬ ನಿರ್ಗತಿಕನೊಬ್ಬನು ಮೊದಲ ಭಾಗದಲ್ಲಿಯೂ ಇದ್ದನು. ಅವನ ಪಾರಿವಾಳಗಳು ಹಾರಿಹೋದುವೆಂದು ಅವನ್ನು ಬೆನ್ನಟ್ಟಿ ಹಿಡಿದು ತಂದುಕೊಡುವ ಕೆಲಸವನ್ನು ಆಗ ಆಡುವವರೆಲ್ಲ ಮಾಡಿದ್ದರು. ಈ ಭಾಗದಲ್ಲಿ ಅವನು ಮತ್ತೆ ಕರೆಯುತ್ತಾನೆ. ಈಗ ಅವನು ಕೇಳುವುದು ಹಿಡಿದು ತರುವುದನ್ನಲ್ಲ. ತನ್ನ ಹಕ್ಕಿಗಳನ್ನು ಬೇರೊಂದು ಹೊಸ ನೆಲೆಗೆ ಮುಟ್ಟಿಸಬೇಕೆಂಬುದನ್ನು. ಏಕೆಂದು ಅವನು ಬಿಚ್ಚಿ ಹೇಳುವುದಿಲ್ಲ, ನಾನೂ ಆಗ ಊಹಿಸಲಿಲ್ಲ. ರೆಕ್ಕೆ ಬಿಚ್ಚಿ ಮಾಳಿಗೆಯಿಂದ ಜಿಗಿದಾಗ ಆ ಪಾರಿವಾಳಗಳ ಹಿಂಡು ಹಿಂದಿನಿಂದ ಬಂದು ಎಡಕ್ಕೂ ಬಲಕ್ಕೂ ಹಂಚಿಕೊಂಡು ಜತೆಯಲ್ಲಿ ಹಾರತೊಡಗುತ್ತದೆ. ವೈರಿಯಿಲ್ಲ, ಗಡುವಿಲ್ಲ, ಕೆಳಗೆ ಬೀದಿಗಳು ನಿಧಾನವಾಗಿ ಸರಿಯುತ್ತವೆ, ರೆಕ್ಕೆಗಳ ಸದ್ದೊಂದು ಕೇಳುತ್ತದೆ. ಹಕ್ಕಿಗಳನ್ನು ಸೇರಬೇಕಾದಲ್ಲಿ ಸೇರಿಸಿ ಮುಗಿಸಿದ ಮೇಲೆ ಹಾವರ್ಡನು ಇಲ್ಲವೆಂಬುದು ತಿಳಿಯುತ್ತದೆ. ಹೋಗುವವನು ತನ್ನವುಗಳಿಗೆ ಒಂದು ನೆಲೆ ಮಾಡಿ ಹೋಗಿದ್ದನು.

“ಮುಂದಿಂದು ಹಚ್ಚಲ್ಯಾ ಅಜ್ಜಾ?” ಎಂದು ಹುಡುಗನು ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದನು. ಈಗ ಬೇಡವೆಂದೆನು. ಅಡಿಗೆಮನೆಯಿಂದ ಮಗಳು ಎಳ್ಳು ಹುರಿಯುವ ವಾಸನೆ ಬರುತ್ತಿತ್ತು, ಮಳೆ ಇನ್ನೂ ನಿಂತಿರಲಿಲ್ಲ. ಸೆಟಿಂಗ್ಸಿಗೆ ಹೋಗಿ ಆ ತೂಗಿನ ಸಹಾಯವನ್ನು ಸೊನ್ನೆಗೆ ಇಳಿಸಿಕೊಡೆಂದು ಅವನಿಗೆ ಹೇಳಿ, ಒಂದು ಎತ್ತರದ ಮಾಳಿಗೆಯನ್ನು ಹತ್ತಿ ಜಿಗಿದೆನು. ಮೊದಲ ಸಲ ಎಳೆ ತಪ್ಪಾದ ಗೋಡೆಗೆ ಅಂಟಿ ಕಿಟಕಿಗಳ ಮೇಲೆ ಉಜ್ಜಿಕೊಂಡು ಹೋದೆನು. ಎರಡನೆಯ ಸಲ ತಳದಲ್ಲಿಯೇ ಬಿಟ್ಟು, ಟ್ಯಾಕ್ಸಿಯೊಂದರ ತಲೆಯ ಮೇಲೆ ಇಳಿದು ಓಡಬೇಕಾಯಿತು. ಮೂರನೆಯ ಸಲ ಬೀದಿಯು ಅಗಲವಾಗಿ, ಎರಡೂ ಕಡೆ ಕಟ್ಟಡಗಳು ಎತ್ತರವಾಗಿ ಇದ್ದುವು. ಎಳೆ ಬಿಗಿಯಿತು, ಗುಂಡಿ ಬೆರಳಿಗೆ ಎದುರೊತ್ತಿತು, ದೇಹವು ತಳವನ್ನು ಮುಟ್ಟಿ ಮೇಲಕ್ಕೆ ತಿರುಗಿತು. ಹುಡುಗನು ಬಾಯಿ ತೆರೆದವನು ಏನೂ ಹೇಳದೆ ನನ್ನ ಬೆರಳನ್ನೇ ನೋಡುತ್ತಿದ್ದನು. ಬಿಟ್ಟೆನು.